ಬಸವನಹುಳುವಿನ ಸೆಟ್ಟಿಂಗು

ನಮ್ಮ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಬೇರೆಯವರ ಮನೆ, ಕಾರು ಕಂಡು ಹೊಟ್ಟೆ ಉರಿದದ್ದಿಲ್ಲ. ಅವರು ಉರಿದುಹೋದದ್ದು ಒಬ್ಬ ಹುಡುಗಿಯ ಕಂಪ್ಯೂಟರ್ ಸೆಟ್ಟಿಂಗಿಗೆ.

ನಾವಿಬ್ಬರೂ ಲಿಫ್ಟು ತಯಾರಿಸುವ ಕಂಪನಿಯಲ್ಲಿ ಲಿಫ್ಟಿಗೆ ಬುದ್ಧಿ ಹೇಳುವ ಪ್ರೋಗ್ರಾಂ ಬರೆಯುವವರು. ಭಾವನಿಗೆ ಆಫೀಸಿನ ಮೇಜಿನ ಮೇಲೊಂದು ಕಂಪ್ಯೂಟರು, ಪರೀಕ್ಷೆಯ ಶೆಡ್ಡಿನಲ್ಲೊಂದು, ಮನೆಯಲ್ಲೊಂದು. ಅಕ್ಷರ ಎಷ್ಟು ದೊಡ್ಡದಿರಬೇಕು, ಯಾವ ಕೀ ಒತ್ತಿದರೆ ಏನಾಗಬೇಕು ಎಂಬುದನ್ನೆಲ್ಲ ವರ್ಷಗಟ್ಟಲೆ ತಿದ್ದಿ ತೀಡಿ ಇಟ್ಟುಕೊಂಡಿದ್ದರು. ಆದರೆ ಒಂದರಲ್ಲಿ ತಿದ್ದಿದ್ದು ಇನ್ನೊಂದಕ್ಕೆ ಗೊತ್ತಿಲ್ಲ. ಪೆನ್‌ಡ್ರೈವಿನಲ್ಲಿ ಹೊತ್ತು ಸಾಗಿಸುವಷ್ಟರಲ್ಲಿ ಹಳೆಯದು ಹೊಸದರ ಮೇಲೆ ಕೂತು ಎಲ್ಲ ಕಲಸುಮೇಲೋಗರ. ಶೆಡ್ಡಿನಲ್ಲಿ ಉಳಿಸುವ ಕೀ ಮನೆಯಲ್ಲಿ ಅಳಿಸುತ್ತಿತ್ತು. ಆದರೇನು, ಹೆತ್ತವರಿಗೆ ಹೆಗ್ಗಣ ಮುದ್ದು.

ಆಗ ನಮ್ಮ ತಂಡಕ್ಕೆ ಬಂದಳು ಆ ಹುಡುಗಿ. ಯಾವ ಕಂಪ್ಯೂಟರಿನ ಮುಂದೆ ಕೂತರೂ ಒಂದು ಸಾಲು ಟೈಪು ಮಾಡುತ್ತಾಳೆ, ಒಂದೇ ಕಡೆ ಜೋಡಿಸಿಟ್ಟ ಅವಳ ಸೆಟ್ಟಿಂಗೆಲ್ಲ ಇಳಿದು ಬರುತ್ತದೆ. ಚಹಾ ಆರುವ ಮೊದಲೇ ಯಂತ್ರ ಅವಳದು. ಮ್ಯಾನೇಜರ್ ಹಿಂದೆ ನಿಂತು ನೋಡಿ "ಭೇಷ್" ಎಂದದ್ದೇ ತಡ, ಭಾವನ ಮುಖ ಹರಳೆಣ್ಣೆ ಕುಡಿದಂತಾಯಿತು.

"ಬಸವನಹುಳು ಕಣೋ ಅವಳು," ಎಂದರು ನನಗೆ. "ಹೋದಲ್ಲೆಲ್ಲ ಮನೆ ಹೊತ್ಕೊಂಡು ಹೋಗ್ತಾಳೆ."

ಆ ಹೊತ್ತಿಗೆ ತಂಡದ ಮುಖ್ಯಸ್ಥರ ಹುದ್ದೆ ಖಾಲಿಯಾಗಿತ್ತು. ಭಾವನಿಗೆ ಅದರ ಮೇಲೆ ಜೀವ. ಹುಡುಗಿಗೆ ಅದರ ಗೊಡವೆಯೇ ಇರಲಿಲ್ಲ. ಒಂದು ದಿನ ಅವಳಾಗಿಯೇ ಬಂದು, "ಸರ್, ನನ್ನ ಸೆಟ್ಟಿಂಗ್ಸ್ ಆಫೀಸಿನ ಫೋಲ್ಡರಲ್ಲೇ ಇದೆ, ಬೇಕಿದ್ರೆ ತಗೊಳ್ಳಿ. ಅದರಲ್ಲಿ ಒಂದು ಸಾಲು ಮಾತ್ರ..." ಎನ್ನುತ್ತಿದ್ದಂತೆ ಭಾವ, "ನನಗ್ಯಾಕಮ್ಮ ಅದೆಲ್ಲ? ನಂದು ನಂಗೆ ಚೆನ್ನಾಗಿದೆ," ಎಂದು ಬಾಯಿ ಮುಚ್ಚಿಸಿದರು. ಆಮೇಲೆ ಕದ್ದುಮುಚ್ಚಿ ಮೂರು ಕಂಪ್ಯೂಟರಿಗೂ ಇಳಿಸಿಕೊಂಡರು. ಯಾರಿಗೂ ಗುರುತು ಸಿಗದಿರಲೆಂದು ಪರದೆಯ ಬಣ್ಣ ಮಾತ್ರ ಬದಲಿಸಿದರು.

ಅಲ್ಲಿಂದ ಭಾವನ ಕೈ ಓಡಿದ್ದೇ ಓಡಿದ್ದು. ಜನ ಕಾಲಿಡುವಾಗಲೇ ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುವ ಹಳೇ ತೊಂದರೆಯೊಂದಿತ್ತು. ಯಾರ ಕೈಲೂ ಆಗದಿದ್ದ ಅದನ್ನು ಒಬ್ಬರೇ ಸರಿಪಡಿಸಿದರು. ನನಗೂ ಹೇಳಲಿಲ್ಲ. ಯಾರು ಏನು ಬರೆದರೆಂಬುದು ಕಂಪ್ಯೂಟರಿನಲ್ಲಿ ತಾನಾಗಿ ದಾಖಲಾಗುತ್ತದೆ, ಮ್ಯಾನೇಜರೇ ನೋಡಿ ಬೆರಗಾಗಲಿ, ಆ ಹುಡುಗಿ ಕರುಬಲಿ ಎಂಬ ಆಸೆ.

ಮ್ಯಾನೇಜರ್ ಬೆರಗಾದರು. ಎಲ್ಲರನ್ನೂ ಕರೆದು, ಬಾಗಿಲು ಸರಿಮಾಡಿದ್ದು ಈ ಹುಡುಗಿ ಎಂದರು. ಬರೆಯುವವರ ಹೆಸರಿನ ಸಾಲೂ ಆ ಸೆಟ್ಟಿಂಗಿನೊಳಗೇ ಇತ್ತು. ಭಾವ ಬರೆದದ್ದೆಲ್ಲ ಅವಳ ಹೆಸರಿಗೆ ಹೋಗಿತ್ತು.

"ಸರ್, ಇದು ನಾನು ಮಾಡಿದ್ದಲ್ಲ," ಎಂದಳು ಹುಡುಗಿ. "ಯಾರೋ ನನ್ನ ಸೆಟ್ಟಿಂಗ್ಸ್ ತಗೊಂಡು ಹೆಸರು ಬದಲಾಯಿಸೋದು ಮರೆತಿದ್ದಾರೆ. ಯಾರು ಅಂತ ದಯವಿಟ್ಟು ಹೇಳಿ."

ಭಾವ ಫ್ಯಾನು ನೋಡುತ್ತ ಕೂತರು. "ವಿನಯ ಅಂದ್ರೆ ಇದು, ನೋಡಿ ಕಲೀರಿ," ಎಂದ ಮ್ಯಾನೇಜರ್ ಹುದ್ದೆಯನ್ನು ಅವಳಿಗೇ ಕೊಟ್ಟರು.

ಸಂಜೆ ಮನೆಯಲ್ಲಿ ಭಾವ ಬಾಯಿಬಿಟ್ಟಾಗಲೇ ನನಗೂ ಗೊತ್ತಾದದ್ದು. ಅಕ್ಕ ಹಣೆ ಚಚ್ಚಿಕೊಂಡಳು. "ಅಲ್ಲಾ ರೀ, ನಾನೇ ಮಾಡಿದ್ದು ಅಂತ ಹೇಳೋಕೆ ನಿಮಗೇನು ಧಾಡಿ?"

"ಹೇಗೆ ಹೇಳಲೇ?" ಭಾವ ಸಿಡಿದರು. "ಹೇಳಿದ್ರೆ ಅವಳ ಸೆಟ್ಟಿಂಗು ನಂದಕ್ಕಿಂತ ಚೆನ್ನಾಗಿದೆ ಅಂತ ಒಪ್ಕೊಂಡ ಹಾಗಾಗಲ್ವಾ!"