ಗೋಡೆಯ ಹೊರಗಿನ ಕಲ್ಲುಗಳು

ಹೋದ ವರ್ಷದ ಅಕ್ಟೋಬರ್. ನಾನಾಗ ಕಾಲೇಜಿನ ಮೂರನೇ ಸೆಮಿಸ್ಟರು. ವಾರಕ್ಕೆರಡು ದಿನ ಮಿಸಿಸಾಗದ ಸಣ್ಣದೊಂದು ಸರ್ವೆ ಆಫೀಸಿನಲ್ಲಿ ಪಾರ್ಟ್‌ಟೈಮು. ಕೆಲಸವೆಂದರೆ ಅಳತೆಕೋಲು ಹಿಡಿದು ನೆಟ್ಟಗೆ ನಿಲ್ಲುವುದು. ದಾವಣಗೆರೆಯಿಂದ ವಿಮಾನ ಹತ್ತಿ ಬಂದು ಕಂಬವಾದವನು ನಾನೊಬ್ಬನೇ ಇರಬೇಕು.

ಅವತ್ತು ಬರ್ಲಿಂಗ್ಟನ್ನಿನ ಉತ್ತರಕ್ಕೆ ಹೋಗಿದ್ದೆವು. ಕಲ್ಲಿನ ಕ್ವಾರಿಯವರೊಬ್ಬರು ಪಕ್ಕದ ಹೊಲವನ್ನೂ ಅಗೆಯಬೇಕೆಂದಿದ್ದರು. ಹೊಲದ ಅಂಚಿಗೆ ಹಳೇ ಚರ್ಚಿನ ಸ್ಮಶಾನ. ಅದು ಪಾರಂಪರಿಕ ಸ್ಥಳವೆಂದು ದಾಖಲಾಗಿದ್ದರಿಂದ ಸುತ್ತಲೂ ಇಂತಿಷ್ಟು ದೂರ ಯಾರೂ ಅಗೆಯುವಂತಿಲ್ಲ. ಆ ಗಡಿಗೆ ಗೂಟ ನೆಡುವುದು ನಮ್ಮ ಕೆಲಸ. ನಮ್ಮ ಆಫೀಸಿನ ಸರ್ವೆಯರು, ಮೈಸೂರಿನ ಪ್ರಸನ್ನ ಸರ್ ಅಳತೆಯ ಯಂತ್ರದ ಹಿಂದೆ, ನಾನು ಸ್ಮಶಾನದ ಗೋಡೆಯ ಬಳಿ.

ಹಿಂದಿನ ದಿನ ಮಾಲ್ಟನ್ನಿನ ಗೋದಾಮಿನಲ್ಲಿ ಡಬಲ್ ಶಿಫ್ಟು ಮಾಡಿದ್ದೆ, ನಿಂತಲ್ಲೇ ನಿದ್ದೆ. ಅದನ್ನು ಓಡಿಸಲು ಸರ್ ದನಿಯಲ್ಲೇ, "ಸ್ವಲ್ಪ ಎಡಕ್ಕಪ್ಪಾ... ಅಯ್ಯೋ, ನಿನ್ನ ಎಡ ಅಲ್ಲಪ್ಪಾ, ನನ್ನ ಎಡ" ಎಂದು ಅಣಕಿಸುತ್ತಿದ್ದೆ.

"ಅಣಕಿಸಿದಷ್ಟು ಚೆನ್ನಾಗಿ ಕೋಲು ಹಿಡಿದಿದ್ರೆ ಇಷ್ಟೊತ್ತಿಗೆ ಮನೇಲಿರ್ತಿದ್ವಿ ಕಣೋ," ಅಂದರು ಸರ್.

ಕೊನೆಯ ಗೂಟ ನೆಟ್ಟು ಗೋಡೆಯ ಹೊರಗೆ ನಡೆಯುವಾಗ ಹುಲ್ಲಿನಲ್ಲಿ ಕಾಲಿಗೆ ಕಲ್ಲು ತಾಗಿತು. ನೋಡಿದರೆ ಅದರ ಮೇಲೆ ಸವೆದ ಅಕ್ಷರ. ಅಕ್ಷರಕ್ಕೆ ಕಾಲು ತಾಗಿದರೆ ಕೈ ತಾನಾಗಿ ಹೋಗುತ್ತದೆ, ಅಮ್ಮ ಹಾಕಿದ ಅಭ್ಯಾಸ. ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಬೆಳಗಿನಿಂದ ನಮ್ಮನ್ನು ದುರುಗುಟ್ಟಿ ನೋಡುತ್ತ ಕೂತಿದ್ದ ಅಲ್ಲಿಯ ಅಜ್ಜಿಯೊಬ್ಬರು ಊರುಗೋಲು ಹಿಡಿದು ಬಂದರು. "ಏನು ಮಾಡಿದೆ ಈಗ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಬೈಸಿಕೊಳ್ಳಲು ತಯಾರಾಗಿಯೇ ವಿವರಿಸಿದೆ. ಅಜ್ಜಿ ಊರುಗೋಲಿನಿಂದ ಕಲ್ಲು ತೋರಿಸಿ, "ಅದು ನನ್ನ ತಂಗಿ," ಎಂದರು.

ಚರ್ಚಿನಲ್ಲಿ ಹೆಸರಿಡುವ ಮೊದಲೇ ತೀರಿಕೊಂಡ ಕೂಸುಗಳನ್ನು ಆಗ ಗೋಡೆಯೊಳಗೆ ಹೂಳಲು ಬಿಡುತ್ತಿರಲಿಲ್ಲವಂತೆ. ಹುಲ್ಲು ಸರಿಸಿ ಇನ್ನೂ ನಾಲ್ಕು ಕಲ್ಲು ತೋರಿಸಿದರು. "ಇವನ್ನೂ ಸ್ಮಶಾನಕ್ಕೆ ಸೇರಿಸಿ ಅಂತ ಸರ್ಕಾರಕ್ಕೆ ಕಾಗದ ಬರೆದೆ. ನಕ್ಷೆಯಲ್ಲಿ ಇಲ್ಲವಲ್ಲ ಅಂದರು."

ನಾವು ಅಳೆದದ್ದೂ ಗೋಡೆಯಿಂದಲೇ. ಸರ್‌ಗೆ ಹೇಳಿದೆ.

"ನಾಟಕ ಆಡ್ತಿಲ್ಲ ತಾನೇ?"

"ಇಲ್ಲ ಸರ್."

ಬಂದು ನೋಡಿದರು. "ಮೊದಲಿಂದ ಅಳೀಬೇಕಲ್ಲೋ," ಎಂದು ಹಣೆ ಒತ್ತಿಕೊಂಡು, ಯಂತ್ರ ಹೆಗಲಿಗೇರಿಸಿದರು. ಸಂಜೆಯವರೆಗೆ ಗೂಟ ಕಿತ್ತು, ಆ ಕಲ್ಲುಗಳಿಂದ ಅಳೆದು ಮತ್ತೆ ನೆಟ್ಟೆವು. ಅಜ್ಜಿ ಫ್ಲಾಸ್ಕಿನಿಂದ ಟೀ ಕೊಡುತ್ತ, "ನನ್ನ ದನಿಯೂ ಮಾಡ್ತೀಯಾ?" ಎಂದರು. ಮಾಡಿದೆ. "ನಾನು ಅಷ್ಟು ಕೆಟ್ಟದಾಗಿ ಮಾತಾಡಲ್ಲ," ಎಂದು ಮುಖ ಸಿಂಡರಿಸಿದರು.

ಕ್ವಾರಿಯವರು ಆಮೇಲೆ ಬೇರೆ ಸರ್ವೆಯವರನ್ನು ಕರೆಸಿದರಂತೆ. ಹೊಲ ಅಗೆಯಲು ಅನುಮತಿ ಕೊಡಬೇಕೇ ಎಂಬ ವಿಚಾರಣೆ ಮೂರು ಸಲ ಮುಂದಕ್ಕೆ ಹೋಗಿದೆ, ಇನ್ನೂ ತೀರ್ಮಾನವಿಲ್ಲ. ಎಷ್ಟು ದೂರ ಬಿಡಬೇಕೆಂದು ಕಾನೂನಿನಲ್ಲಿದೆ. ಎಲ್ಲಿಂದ ಅಳೆಯಬೇಕು ಎಂಬುದೇ ಜಗಳ. ಕಳೆದ ಸಲ ನಾನೂ ಹೋಗಿದ್ದೆ. ಅಜ್ಜಿ ನಮ್ಮ ನಕ್ಷೆಯ ಪ್ರತಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಮತ್ತೆ ಮುಂದಕ್ಕೆ ಹೋಯಿತೆಂದು ತಿಳಿದಾಗ ನನ್ನ ತೋಳು ಹಿಡಿದು ಎದ್ದರು.

"ಮುಂದಿನ ಸಲಕ್ಕೆ ನಾನಿರುತ್ತೇನೋ ಇಲ್ಲವೋ. ಅವು ಎಲ್ಲಿವೆ ಅಂತ ನಿನಗೆ ಗೊತ್ತಲ್ಲ?"

ಗೊತ್ತು, ಅಂದೆ. ಅವತ್ತಿನಿಂದ ಆ ಒಂದು ಮಾತು ಭಾರವಾಗಿ ಕೂತಿದೆ. ಇಳಿಸಿಬಿಡಲು ಮನಸ್ಸೂ ಇಲ್ಲ.