ಖಂಡೆ ಪೂಜೆಯ ದಿನ ಬಿಚ್ಚಿದ ಬೋಲ್ಟು

ನಮ್ಮ ಕಾರಿನ ಬೋಲ್ಟಿಗೆ ತುಕ್ಕು ಹತ್ತಿದ್ದಕ್ಕೆ ಬೈಲಹೊಂಗಲದ ನಮ್ಮ ಓಣಿಯವರೆಲ್ಲ ನನ್ನನ್ನೇ ಬೈದರು. ಹೆಂಗಸಿಗೇಕೆ ಕಾರು ಎಂಬುದು ಅವರ ನಿಜವಾದ ತಕರಾರು. ಬೋಲ್ಟು ಬರೀ ನೆಪ. ತೊಂಬತ್ತರ ದಶಕದ ಕೊನೆಯ ಮಾತಿದು. ಅಪ್ಪ ತೀರಿಕೊಂಡ ಮೇಲೆ ಅವನ ಹಳೆಯ ಕಾರಿನಲ್ಲೇ ನಾನು ಸುರೇಬಾನಕ್ಕೆ ಹೋಗಿ, ನೇಕಾರರಿಂದ ಸೀರೆ ತಂದು, ಸವದತ್ತಿ, ಕಿತ್ತೂರಿನ ಮನೆಮನೆಗೆ ಮಾರುತ್ತಿದ್ದೆ. ಕಾರು ಹೋದರೆ ವ್ಯಾಪಾರವೂ ಹೋಗುತ್ತಿತ್ತು. ಆಮೇಲೆ ನಾನು ಅಪ್ಪನ ತಮ್ಮ, ನಮ್ಮ ಕಾಕಾನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಕೂರಬೇಕಿತ್ತು. ಅದು ನನ್ನಿಂದ ಆಗದ ಮಾತು.

ಹಿಂದಿನ ಗಾಲಿಯ ಮೇಲೆ ಭಾರ ಹೊರುವ ಉಕ್ಕಿನ ಪಟ್ಟಿಗಳಿಗೆ ನಮ್ಮ ಕಡೆ ಪಾಟಾ ಅನ್ನುತ್ತಾರೆ. ಅದರ ತುದಿಯ ರಬ್ಬರ್ ಬುಶ್ ಸವೆದು, ಗುಂಡಿಗೆ ಇಳಿದಾಗೆಲ್ಲ ಕಾರು ದಡ್ ದಡ್ ಎಂದು ಬಡಿದುಕೊಳ್ಳುತ್ತಿತ್ತು; ಕಡೆಗೆ ಓಡಿಸುವಂತೆಯೇ ಇಲ್ಲದೆ ಮನೆಯ ಮುಂದೆ ನಿಂತಿತ್ತು. ಹೊಸ ಬುಶ್, ಹೊಸ ಬೋಲ್ಟು ತಂದಿಟ್ಟಿದ್ದೆ. ಹಳೆಯ ಬೋಲ್ಟು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಗ್ಯಾರೇಜಿನ ಮೇಸ್ತ್ರಿ ಮನೆಗೇ ಬಂದು ಡೀಸೆಲ್ ಹೊಯ್ದ, ಸುತ್ತಿಗೆಯಿಂದ ಬಡಿದ, ಕೊನೆಗೆ ಕೈಚೆಲ್ಲಿದ.

“ಗ್ಯಾಸ್ ಹಚ್ಚಿ ಕೊಯ್ಯಬೇಕರಿ ಅಕ್ಕಾರ. ಹಬ್ಬ ಆಗ್ಲಿ, ನೋಡೂಣು.”

ಇದನ್ನು ಕೇಳಿದ್ದೇ ತಡ, ಕಾಕಾ ಯರಗಟ್ಟಿಯ ಗುಜರಿಯವನಿಗೆ ದಶಮಿಯ ಮುಂಜಾನೆಯೇ ಬಾ ಎಂದು ಹೇಳಿ ಕಳಿಸಿಬಿಟ್ಟ. ನಾನು ಜಗಳಕ್ಕೆ ನಿಂತಾಗ ಓಣಿಯವರೆದುರೇ ಅಂದ: “ನಿಂತ ಕಾರ್ ಇಟ್ಕೊಂಡು ಪೂಜಿ ಮಾಡ್ತೀಯೇನ? ನಾಳಿ ಮುಂಜಾನಿ ಓಡಿತಂದ್ರ ನಿಂದು, ಇಟ್ಕೋ. ಓಡಲಿಲ್ಲಂದ್ರ ಒಯ್ತಾರ.”

ಅಂದು ಮಹಾನವಮಿ, ಖಂಡೆ ಪೂಜೆ. ಮನೆಯ ಆಯುಧಗಳನ್ನೆಲ್ಲ ದೇವರ ಮುಂದಿಟ್ಟು ಪೂಜಿಸಿದ ಮೇಲೆ, ಮರುದಿನ ಬನ್ನಿ ಮುಡಿಯುವವರೆಗೆ ಯಾರೂ ಮುಟ್ಟುವಂತಿಲ್ಲ. ಕುಡುಗೋಲಿನ ಪಕ್ಕದಲ್ಲಿ ನಟ್ಟು-ಬೋಲ್ಟು ಬಿಚ್ಚುವ ಅಪ್ಪನ ಪಾನಾಗಳೂ ಕುಂಕುಮ ಹಚ್ಚಿಕೊಂಡು ಮಲಗಿದ್ದವು. ಕಾಕಾ ದಿನ ನೋಡಿಯೇ ಪಂಥ ಕಟ್ಟಿದ್ದ ಎಂದು ಆಗ ಹೊಳೆಯಿತು. ನನ್ನ ಪಿತ್ತ ನೆತ್ತಿಗೇರಿತು. ಚೆಂಡುಹೂ ಸರಿಸಿ ದೊಡ್ಡ ಪಾನಾ ಎತ್ತಿಕೊಂಡೆ.

“ಪೂಜಿ ಮುರದೀ! ಕೈ ಹೋಗ್ತಾವ ನಿನ್ನೂ!” ಎಂದು ಕಾಕಾ ಕೂಗಿದ.

“ಕೈ ಹೋದ್ರ ಹೋಗ್ಲಿ, ಕಾರ್ ಹೋಗಬಾರ್ದು.”

ಅವ್ವ ಹೊಸ್ತಿಲಲ್ಲಿ ನಿಂತಿದ್ದಳು. 

ಜ್ಯಾಕ್ ಎತ್ತಿ, ಕೆಳಗೆ ಕಲ್ಲು ಕೊಟ್ಟು, ಗೋಣಿಚೀಲ ಹಾಸಿಕೊಂಡು ಮಲಗಿದೆ. ಪಾನಾದ ತುದಿಗೆ ಕಬ್ಬಿಣದ ಕೊಳವೆ ಸಿಕ್ಕಿಸಿ ಜಗ್ಗಿದೆ. ಜಾರಿ, ಗೆಣ್ಣುಗಳ ಚರ್ಮ ಕಿತ್ತು ಬಂತು. ಆ ಬೋಲ್ಟಿಗೆ ನಾನು ಬೈದ ಬೈಗುಳಗಳಲ್ಲಿ ಅರ್ಧ ಕಾಕಾನಿಗೆ ಸಲ್ಲಬೇಕಾದವು. ಸಿಟ್ಟಿನಿಂದ ನಟ್ಟಿನ ಮೇಲಿನ ಕರಿ ಹಕ್ಕಳೆ ಕೆರೆದಾಗ ಉಗುರಿಗೆ ಅಂಟಂಟು ಹತ್ತಿತು. ಮೂಸಿ ನೋಡಿದೆ. ಬೆಲ್ಲ!

ಅಪ್ಪ ವರ್ಷಗಟ್ಟಲೆ ಗಾಣದಿಂದ ಬೆಲ್ಲದ ಪೆಂಟೆಗಳನ್ನು ಇದೇ ಡಿಕ್ಕಿಯಲ್ಲಿ ತುಂಬಿ ತರುತ್ತಿದ್ದ. ಬೇಸಿಗೆಯಲ್ಲಿ ಕರಗಿದ್ದೆಲ್ಲ ಡಿಕ್ಕಿಯ ತೂತಿನಿಂದ ಈ ಬೋಲ್ಟಿನ ಮೇಲೆ ಸೋರಿ, ಎರೆಮಣ್ಣಿನ ಧೂಳಿನ ಜೊತೆ ಕಲ್ಲಾಗಿತ್ತು. ತುಕ್ಕು ಅದರ ಅಡಿಯಲ್ಲಿ ಹಾಯಾಗಿ ಬೆಳೆದಿತ್ತು.

“ಅವ್ವಾ, ಇದು ಬೆಲ್ಲ ಐತಿ!” ಎಂದು ಕೂಗಿದೆ.

ಅವ್ವ ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಕುದಿಯುವ ನೀರಿನ ಪಾತ್ರೆ. “ಬೆಲ್ಲ ಕಾಸಿದ ಕೊಪ್ಪರಿಗಿ ಎಣ್ಣಿ ಹಾಕಿ ತೊಳೀತಾರೇನ? ಸರಿ ಅತ್ಲಾಗ” ಎಂದು ತಾನೇ ಬಗ್ಗಿ ಹೊಯ್ದಳು. ಕರಿ ಪಾಕ ಇಳಿಯತೊಡಗಿತು. ಮತ್ತೆ ಕಾಸಿ ತಂದಳು, ಮತ್ತೆ ಹೊಯ್ದಳು. ಇರುವೆಗಳು ಸಾಲುಗಟ್ಟಿ ಬಂದವು. ನಟ್ಟಿನ ಸುತ್ತ ಕಬ್ಬಿಣ ಕಂಡ ಮೇಲೆ ಸೀಮೆಎಣ್ಣೆ ಬಿಟ್ಟು ಕಾದೆ. ಆಮೇಲೆ ಮೊದಲು ಒಂಚೂರು ಬಿಗಿ ಮಾಡಿ, ಹಿಮ್ಮುಖವಾಗಿ ಜಗ್ಗಿದೆ. ಟಕ್ ಅಂತು. ಮುರಿಯಿತೆಂದುಕೊಂಡೆ. ಮುರಿದಿರಲಿಲ್ಲ, ತಿರುಗಿತ್ತು. ನಾನು ಕಾರಿನ ಅಡಿಯಲ್ಲೇ ಕೇಕೆ ಹಾಕಿದೆ.

ನಟ್ಟು ಬಿಚ್ಚಿ, ಕಟ್ಟಿಗೆಯ ತುಂಡು ಕೊಟ್ಟು ಬಡಿದು ಬೋಲ್ಟನ್ನು ಹೊರದೂಡಿದೆ. ದೀಪ ಹಚ್ಚುವ ಹೊತ್ತಿಗೆ ಹೊಸ ಬುಶ್, ಹೊಸ ಬೋಲ್ಟು ಕೂತಿದ್ದವು. ಅವ್ವ ಪಾನಾ ತೊಳೆದು, ಮತ್ತೆ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟಳು.

ಮುಂಜಾನೆ ಗುಜರಿಯವನ ಟೆಂಪೊ ಬಂದಾಗ ನಾನು ಸಂಗೊಳ್ಳಿಯವರೆಗೆ ಹೋಗಿ ತಿರುಗಿ ಬರುತ್ತಿದ್ದೆ. ಓಣಿಯುದ್ದಕ್ಕೂ ಹಾರನ್ ಬಾರಿಸಿದೆ. ಯಾಕೆ ಬಾರಿಸಬಾರದು?

ಸಂಜೆ ಬನ್ನಿ. ಬನ್ನಿ ಕೊಟ್ಟರೆ ಹಗೆಯವನೂ ತೆಗೆದುಕೊಳ್ಳಬೇಕು, ಕಾಲು ಮುಟ್ಟಿದರೆ ಹರಸಬೇಕು. ಅದು ನಮ್ಮ ಪದ್ಧತಿ. ಪದ್ಧತಿಯ ಮಾತನ್ನು ನಿನ್ನೆ ಕಾಕಾನೇ ಎತ್ತಿದ್ದನಲ್ಲ. ಓಣಿಯವರೆಲ್ಲ ನೆರೆದಿದ್ದ ಕಟ್ಟೆಯ ಮೇಲೆ ಅವನು ಮುಖ ಗಂಟಿಕ್ಕಿಕೊಂಡು ಕೂತಿದ್ದ. ಕಾಲು ಮುಟ್ಟಿದೆ. ಅವನ ಅಂಗೈಯಲ್ಲಿ ಆ ತುಕ್ಕು ಹಿಡಿದ ಬೋಲ್ಟನ್ನಿಟ್ಟು, ಅದರ ಮೇಲೆ ಬನ್ನಿ ಎಲೆ ಇಟ್ಟೆ.

“ಬನ್ನಿ ತಗೊಂಡು ಬಂಗಾರದಂಗ ಇರೂಣು, ಕಾಕಾ.”

ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ಎಸೆಯುವಂತಿರಲಿಲ್ಲ.

“ಬಂಗಾರದಂಗ ಇರು” ಅಂದ, ಹಲ್ಲು ಕಚ್ಚಿಕೊಂಡು.