ತಂತಿಗೆ ಸಿಕ್ಕಿದ ಮದುವೆ ಬಸ್ಸು

ನನ್ನ ಮದುವೆ ತೊಂಬತ್ತರ ದಶಕದ ನಡುವೆ ಆದದ್ದು. ಹಿಂದಿನ ದಿನ ಮಧ್ಯಾಹ್ನ ನಾವೆಲ್ಲ ಬಿಂಡಿಗನವಿಲೆ ಕಡೆಯ ನಮ್ಮೂರಿನಿಂದ ನಾಗಮಂಗಲದ ಛತ್ರಕ್ಕೆ ಬಾಡಿಗೆ ಬಸ್ಸಿನಲ್ಲಿ ಹೊರಟೆವು. ಸಂಜೆ ವರಪೂಜೆ, ಬೆಳಿಗ್ಗೆ ಧಾರೆ. ಬಸ್ಸಿನ ಮೇಲೆ ಪಾತ್ರೆ, ಹಾಸಿಗೆ, ಅವುಗಳ ನಡುವೆ ಅಪ್ಪ ನನಗೆಂದು ಕೊಂಡಿದ್ದ ಕಬ್ಬಿಣದ ಬೀರು. ಮಲಗಿಸಿದರೆ ಕನ್ನಡಿ ಒಡೆಯುತ್ತದೆಂದು ಅಪ್ಪ ಅದನ್ನು ನಿಲ್ಲಿಸಿಯೇ ಕಟ್ಟಿಸಿದ್ದ.

ನಾಗಮಂಗಲ ಇನ್ನೂ ಸ್ವಲ್ಪ ದೂರವಿರುವಾಗ ರಸ್ತೆಗೆ ಅಡ್ಡಲಾಗಿ ಹಾದಿದ್ದ ಕರೆಂಟಿನ ತಂತಿ ಆ ಬೀರುವಿಗೆ ಸಿಕ್ಕಿಕೊಂಡು ಹರಿಯಿತು. ಮೇಲೆ ಚಟಚಟ ಸದ್ದು, ಕಿಟಕಿಯಾಚೆ ಕಿಡಿ. ಹರಿದ ತುದಿ ಬಾಗಿಲ ಪಕ್ಕಕ್ಕೇ ಜೋತುಬಿತ್ತು. ಡ್ರೈವರು ಬಸ್ಸು ನಿಲ್ಲಿಸಿ, "ಯಾರೂ ಇಳೀಬ್ಯಾಡಿ! ಕಬ್ಬಿಣ ಮುಟ್ಟಬ್ಯಾಡಿ, ಸೀಟ್ ಮೇಲೇ ಕೂತಿರಿ" ಎಂದು ಕೂಗಿದ. ಹಿಂದೆ ಬರುತ್ತಿದ್ದ ಸ್ಕೂಟರಿನವರಿಗೆ ಕಿಟಕಿಯಿಂದಲೇ ಹೇಳಿ ಊರಿಗೆ ಸುದ್ದಿ ಕಳಿಸಿದ.

ಹೆಂಗಸರು ಅಳಲು ಶುರುಮಾಡಿದರು. ನನ್ನ ಅಜ್ಜಿ ಮಾತ್ರ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ತಲೆ ಎತ್ತಿ, "ಕರೆಂಟು ಮ್ಯಾಲದೆ, ನಾವು ಕೆಳಗಿದ್ದೀವಿ. ಸುಮ್ಕೆ ಯಾಕೆ ಅಳ್ತೀರಿ, ಒಂದು ಪದ ಏಳ್ರೇ" ಎಂದಳು. ಅಳು ನಿಲ್ಲದಿದ್ದಾಗ ತಾನೇ ಸೋಬಾನೆ ಎತ್ತಿಕೊಂಡಳು.

ಮೊದಲು ಬಂದದ್ದು ಪೊಲೀಸ್ ಜೀಪು. ಕಾನ್‌ಸ್ಟೇಬಲ್ ಒಬ್ಬ, "ಇನ್ನೂ ಒಳಗೇ ಕೂತಿದ್ದೀರಾ? ಬೇಗ ಇಳೀರಿ!" ಎಂದು ಕೂಗಿದ. ಅಷ್ಟರಲ್ಲಿ ಸೈಕಲ್ ತುಳಿದುಕೊಂಡು ಬಂದ ಲೈನ್‌ಮ್ಯಾನ್, "ಇಳಿದ್ರೆ ಸತ್ತೋಯ್ತೀರ!" ಎಂದ. ಕಿಟಕಿ ಒಡೆದು ಹಾರಿ ಎಂದು ಸೇರಿದ ಜನರ ಸಲಹೆ. ಯಾರ ಮಾತು ಕೇಳುವುದು? ನನ್ನ ಅಣ್ಣ ಗಾಬರಿಯಿಂದ ಬಾಗಿಲಿಗೆ ನುಗ್ಗಿದ. ಡ್ರೈವರು ಅವನ ಕೊರಳಪಟ್ಟಿ ಹಿಡಿದು ಸೀಟಿಗೆ ಕುಕ್ಕಿದ. ನನಗೆ ನಿಜವಾಗಿ ಭಯವಾದದ್ದು ಆಗಲೇ.

ಆಮೇಲೆ ಗಂಟೆ ಬಾರಿಸಿಕೊಂಡು ಬೆಂಕಿ ಆರಿಸುವ ಗಾಡಿ ಬಂತು. ಅದರಿಂದ ಇಳಿದ ಅಧಿಕಾರಿ ನಮ್ಮ ಕಡೆ ಬರಲೇ ಇಲ್ಲ. ಸಬ್ ಇನ್ಸ್‌ಪೆಕ್ಟರು, ಕರೆಂಟಿನ ಇಂಜಿನಿಯರು, ಆಸ್ಪತ್ರೆ ವ್ಯಾನಿನಲ್ಲಿ ಬಂದ ನರ್ಸಮ್ಮ ಮೂವರನ್ನೂ ಹುಣಸೆ ಮರದ ಕೆಳಗೆ ಕರೆದರು. ಏನು ಮಾತಾಯಿತೋ ನಮಗೆ ಕೇಳಿಸಲಿಲ್ಲ. ಇನ್ಸ್‌ಪೆಕ್ಟರು ಮೊದಲು ಕೈ ಬೀಸಿ ಏನೋ ಹೇಳಿದರು, ಕೊನೆಗೆ ಟೋಪಿ ತೆಗೆದು ತಲೆ ಕೆರೆದು "ಆಯ್ತು" ಎನ್ನುವಂತೆ ತಲೆಯಾಡಿಸಿದರು. ಮರುಕ್ಷಣ ಎಲ್ಲರೂ ಒಂದೊಂದು ದಿಕ್ಕಿಗೆ ಹೋದರು.

ಅಧಿಕಾರಿ ದೂರದಲ್ಲೇ ನಿಂತು ಮೈಕಿನಲ್ಲಿ ಹೇಳಿದರು: "ಇನ್ನು ಮುಂದೆ ನಿಮ್ಮ ಜೊತೆ ಮಾತಾಡೋನು ನಾನೊಬ್ಬನೇ. ಬೇರೆ ಯಾರು ಕೂಗಿದ್ರೂ ಕಿವಿಗೆ ಹಾಕ್ಕೋಬೇಡಿ. ಕರೆಂಟ್ ತೆಗೆಸ್ತಿದ್ದೀವಿ. ಯಾರೂ ಮತ್ತೆ ಹಾಕದ ಹಾಗೆ ಸ್ವಿಚ್ಚಿನ ಹತ್ರ ಒಬ್ಬ ಪೊಲೀಸು ಕಾಯ್ತಾರೆ. ಲೈನ್‌ಮ್ಯಾನ್ ಪರೀಕ್ಷೆ ಮಾಡಿ ಸರಿ ಅಂದ ಮೇಲೆ ನಾನು ಕರೀತೀನಿ."

"ಅಂಗೇ ಆಗ್ಲಿ ಸ್ವಾಮಿ," ಅಜ್ಜಿ ಕೂತಲ್ಲಿಂದಲೇ ಕೂಗಿದಳು, "ವರಪೂಜೆಗೆ ಒತ್ತಾಯ್ತದೆ, ಒಸಿ ಬಿರ್ರನೆ ಮಾಡ್ಸಿ!"

ಬಸ್ಸಿನಲ್ಲಿ ನಗು ಹುಟ್ಟಿತು. ಆಗಿನಿಂದ ಸೋಬಾನೆಗೆ ಎಲ್ಲರ ದನಿಯೂ ಸೇರಿತು.

ಅಷ್ಟರಲ್ಲಿ ಹೊಸ ಅಂಗಿ ತೊಟ್ಟ ಹುಡುಗನೊಬ್ಬ ಸ್ಕೂಟರಿನಲ್ಲಿ ಬಂದ. ನೋಡಿದರೆ ನನ್ನ ಮದುವೆ ಗಂಡು! ಬಸ್ಸಿನತ್ತ ಓಡಿಬಂದವನನ್ನು ಅಧಿಕಾರಿ ತಡೆದರು. "ನಾನು ಮದ್ವೆ ಗಂಡು ಸಾರ್" ಎಂದನಂತೆ. "ಬಹಳ ಸಂತೋಷ. ಈ ಹಗ್ಗ ಹಿಡ್ಕೊಳಪ್ಪ, ಇದನ್ನ ದಾಟಿ ಯಾರನ್ನೂ ಬಿಡಬೇಡ" ಎಂದರಂತೆ ಅವರು. ಅವನು ಹಗ್ಗ ಹಿಡಿದು ನಿಂತ. ಅವನ ಸ್ವಂತ ಸೋದರಮಾವ ಬಂದು, "ಬುಡ್ಲಾ, ನಾನು ನೋಡ್ಬೇಕು" ಎಂದು ಗದರಿದರೂ ಬಿಡಲಿಲ್ಲ. ಹೆಣ್ಣು ನೋಡಲು ಬಂದಾಗ ನಾನು ಅವನ ಮುಖ ಸರಿಯಾಗಿ ನೋಡಿರಲಿಲ್ಲ. ಈಗ ಕಿಟಕಿಯಿಂದ ಬೇಕಾದಷ್ಟು ನೋಡಿದೆ. ಮನಸ್ಸಿಗೆ ಬಂದ.

ಪೊಲೀಸ್ ಜೀಪಿನ ವೈರ್‌ಲೆಸ್ಸಿನಲ್ಲಿ ಕರೆಂಟ್ ತೆಗೆದ ಸುದ್ದಿ ಬಂತು. ಇನ್ಸ್‌ಪೆಕ್ಟರು ಅದನ್ನು ನಮಗೆ ಕೂಗಿ ಹೇಳಲಿಲ್ಲ, ಅಧಿಕಾರಿಗೆ ಹೇಳಿದರು. ಅಧಿಕಾರಿ ಇಂಜಿನಿಯರನ್ನು ನೋಡಿದರು. ಲೈನ್‌ಮ್ಯಾನ್ ಉದ್ದನೆಯ ಕೋಲಿನಿಂದ ಪರೀಕ್ಷೆ ಮಾಡಿ, ತಂತಿ ಬಿಡಿಸಿ ದೂರ ಎಳೆದು ಕೈ ಎತ್ತಿದ. ಆಗ ಮೈಕು ಮಾತಾಡಿತು: "ಒಬ್ಬೊಬ್ಬರೇ ಇಳೀರಿ. ವಯಸ್ಸಾದವರು ಮೊದಲು."

ಅಜ್ಜಿ ಎಲೆಯಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿ ರಾಣಿಯಂತೆ ಇಳಿದಳು. ನರ್ಸಮ್ಮ ನಾಡಿ ಹಿಡಿದು ನೋಡುತ್ತಿದ್ದರೆ, "ನಂಗೇನಾಗಿಲ್ಲ ಕಣವ್ವ, ಆ ಡ್ರೈವರಪ್ಪನ್ನ ನೋಡು, ಬೆವ್ತೋಗವ್ನೆ" ಎಂದಳು. ಡ್ರೈವರು ಎಲ್ಲರನ್ನೂ ಇಳಿಸಿ ಕೊನೆಗೆ ಇಳಿದ. ಒಬ್ಬರಿಗೂ ಒಂದು ಗೀರೂ ಆಗಿರಲಿಲ್ಲ.

ಅಪ್ಪ ಅಲ್ಲಿದ್ದವರನ್ನೆಲ್ಲ ಮದುವೆಗೆ ಕರೆದ. ಮರುದಿನ ಛತ್ರದ ಮುಂದೆ ಆ ಕೆಂಪು ಗಾಡಿ ನಿಂತಾಗ ಅಡಿಗೆಮನೆಗೆ ಬೆಂಕಿ ಬಿತ್ತೆಂದು ಅರ್ಧ ಪಂಕ್ತಿ ಎದ್ದುಬಿಟ್ಟಿತು. ಊಟಕ್ಕೆ ಕೂತ ಅಧಿಕಾರಿಯನ್ನು ಅಪ್ಪ, "ಆ ಮರದ ಕೆಳ್ಗೆ ಏನ್ ಮಾತಾಡ್ಕಂಡ್ರಿ ಸ್ವಾಮಿ?" ಎಂದು ಕೇಳಿದ.

"ದೊಡ್ಡದೇನಿಲ್ಲ ಗೌಡ್ರೇ. ಯಾರು ಹೇಳೋದು, ಯಾರು ಏನು ಮಾಡೋದು, ಮಾಡಿದ್ದನ್ನ ಯಾರಿಗೆ ತಿಳಿಸೋದು, ಇಷ್ಟೇ. ಅದು ಗೊತ್ತಾದ್ರೆ ಮಿಕ್ಕಿದ್ದು ಅವರವರ ಕಸುಬು, ಅವರಿಗೇ ಚೆನ್ನಾಗಿ ಗೊತ್ತು" ಎಂದರು. ಪಕ್ಕದಲ್ಲಿ ಕೂತಿದ್ದ ಇನ್ಸ್‌ಪೆಕ್ಟರು, "ಒಪ್ಪೋಕೆ ನಂಗೆ ಸ್ವಲ್ಪ ಕಷ್ಟ ಆಯ್ತು" ಎಂದು ನಗುತ್ತಾ ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

ಅಗ್ನಿಶಾಮಕ ಠಾಣೆ ಖಾಲಿ ಬಿಡುವಂತಿಲ್ಲವೆಂದು ಕೆಂಪು ಗಾಡಿಯವರು ಎರಡು ಸರದಿಯಲ್ಲಿ ಉಣ್ಣಲು ಬಂದರು. ಎರಡನೆಯವರು ಬರುವಷ್ಟರಲ್ಲಿ ಪಾಯಸ ಮುಗಿದಿತ್ತು. ಅಜ್ಜಿ ಅಡಿಗೆಯವರ ಮುಂದೆ ನಿಂತು ಹೊಸದಾಗಿ ಮಾಡಿಸಿ, ಅವರು ಸಾಕು ಸಾಕು ಎಂದರೂ ಕೇಳದೆ, ತಾನೇ ಸೌಟು ಹಿಡಿದು ಬಡಿಸಿದಳು.